ಮೇಲಿಂದ ಒಬ್ಬ, ಕೆಳಗಿಂದ ಒಬ್ಬ

ಇವತ್ತಿನ ಸಾರು ಬಾಯಿಗಿಡುವ ಹಾಗಿಲ್ಲ. ನಿನ್ನೆಯಿಂದ ನನಗೂ ನಮ್ಮನೆಯವಳಿಗೂ ಮಾತಿಲ್ಲ. ಸಪ್ಪೆಯಾಗಿದೆಯೆಂದು ನಾನೊಂದು ಚಮಚ ಉಪ್ಪು ಹಾಕಿದೆ. ಹಿಂದೆಯೇ ಬಂದು ಅವಳೂ ಹಾಕಿದ್ದಾಳೆ. ಇಂಥ ಸಾರು ಉಂಡಾಗ ನನಗೆ ಚಳ್ಳಕೆರೆಯ ಮಹಬೂಬ್ ಸಾಹೇಬರ ವರ್ಕ್‌ಶಾಪು ನೆನಪಾಗುತ್ತದೆ. ನಗಬೇಡಿ, ಕಾರಣವಿದೆ.

ಆಗ ನಾನು ಅಲ್ಲಿಯ ಎಣ್ಣೆ ಮಿಲ್ಲೊಂದರಲ್ಲಿ ಗುಮಾಸ್ತ. ಮಿಲ್ಲಿನ ಯಾವುದೇ ಭಾಗ ಸವೆದರೂ ಹೊತ್ತುಕೊಂಡು ಹೋಗುತ್ತಿದ್ದದ್ದು ಅವರಲ್ಲಿಗೇ. ಅವರ ಹತ್ತಿರ ಕಂಪ್ಯೂಟರಿನಿಂದ ನಡೆಯುವ ಒಂದು ಸಿಎನ್‌ಸಿ ಮಿಲ್ಲಿಂಗ್ ಮಷಿನ್ನಿತ್ತು. ಹಳೆಯದೇ, ಆದರೆ ಆ ಊರಿಗೆ ಹೊಸದು. ಅದರಲ್ಲಿ ಕಬ್ಬಿಣ ಕೊರೆಯುವ ಟೂಲು ಮೇಲಿಂದ ಇಳಿಯುತ್ತದೆ, ಕಬ್ಬಿಣ ಬಿಗಿದ ಟೇಬಲ್ಲು ಕೆಳಗಿಂದ ಏರುತ್ತದೆ. ಟೂಲಿನ ಲೆಕ್ಕ ಕಂಪ್ಯೂಟರಿಗೆ ಗೊತ್ತು. ಟೇಬಲ್ಲು ಮಾತ್ರ ಕೈಯಿಂದ ತಿರುಗಿಸುವುದು. ಎಷ್ಟು ಏರಿತೆಂದು ಯಾರಾದರೂ ಹೇಳಿದರಷ್ಟೇ ಕಂಪ್ಯೂಟರಿಗೆ ತಿಳಿಯುತ್ತದೆ. ಕೀಲಿ ಒತ್ತುವವರು ಸಾಹೇಬರು, ಹ್ಯಾಂಡಲ್ ತಿರುಗಿಸುವವನು ತಮ್ಮ ನಜೀರ್. "ಏರ್ಸಿದೆ ಭಾಯಿ" ಎಂದು ಇವನು ಕೂಗಬೇಕು. "ಹಾಂ" ಎಂದು ಅವರು ಲೆಕ್ಕಕ್ಕೆ ಸೇರಿಸಬೇಕು.

ನಜೀರ್ ಮೊಳಕಾಲ್ಮೂರಿನಲ್ಲಿ ಸ್ವಂತಕ್ಕೆ ಶೆಡ್ಡು ನೋಡಿದ್ದಾನೆಂದು ಸಾಹೇಬರಿಗೆ ತಿಳಿದದ್ದು ಚಹಾದಂಗಡಿಯಲ್ಲಿ. ಅಲ್ಲಿಗೆ ಅಣ್ಣತಮ್ಮಂದಿರ ಮಾತು ನಿಂತಿತು. "ಹೋಗೋದು ಹೋಗ್ಲಿ, ಹೇಳ್ದಂಗೆ ಹೋಗ್ತಾನಲ್ರೀ! ಎತ್ತಿ ಆಡ್ಸಿದ್ದು ನಾನು" ಎಂದು ನನ್ನೆದುರು ಕಣ್ಣೊರೆಸಿಕೊಂಡರು. ಮಷಿನ್ನು ನಿಲ್ಲುವ ಹಾಗಿರಲಿಲ್ಲವಲ್ಲ, ಮಿಲ್ಲಿನ ಕೆಲಸಕ್ಕೆಂದು ದಿನಾ ಅಲ್ಲಿಗೆ ಹೋಗುತ್ತಿದ್ದ ನನ್ನನ್ನು ನಡುವೆ ನಿಲ್ಲಿಸಿಕೊಂಡರು. "ಏರ್ಸಿದಾನಂತೆ ಸಾಹೇಬ್ರೇ." "ಇಳಿಸ್ತಾರಂತೆ ಕಣಪ್ಪಾ." ಗುಮಾಸ್ತಿಕೆಯಲ್ಲಿ ನನಗೆ ಇಷ್ಟು ಗೌರವ ಎಂದೂ ಸಿಕ್ಕಿರಲಿಲ್ಲ.

ಒಂದು ದಿನ ನಮ್ಮ ಮಿಲ್ಲಿನ ಗೇರು ಮಷಿನ್ನಿನ ಮೇಲಿದ್ದಾಗ ನಾನು ಚಹಾ ಹೇಳಿಬರಲು ಹೊರಗೆ ಹೋದೆ. ಅಣ್ಣನಿಗೇಕೆ ಹೇಳಲಿ ಎಂದು ತಮ್ಮ ಟೇಬಲ್ಲು ಏರಿಸಿದ. ತಮ್ಮನನ್ನೇಕೆ ಕೇಳಲಿ ಎಂದು ಅಣ್ಣ ಟೂಲು ಇಳಿಸಿದರು. ಫಟ್! ಟೂಲು ತುಂಡಾಗಿ ಗೋಡೆಗೆ ಬಡಿಯಿತು.

ಓಡಿ ಬಂದು ನೋಡಿದರೆ ಸಾಹೇಬರು ನಜೀರನ ಎರಡೂ ಕೈ ಹಿಡಿದು ಬೆರಳು ಬೆರಳನ್ನೂ ತಿರುವಿ ನೋಡುತ್ತಿದ್ದಾರೆ. ಗಾಯವಿಲ್ಲವೆಂದು ಖಾತ್ರಿಯಾದ ಮೇಲೆ ಬೈಗುಳ ಶುರುವಾಯಿತು. ಮನೆಯ ಉರ್ದು ಬಿಟ್ಟು ಕನ್ನಡದಲ್ಲೇ ಬೈದರು, ಬಹುಶಃ ನಾನೂ ಕೇಳಲಿ ಅಂತ.

"ಏರ್ಸಿದ್ದು ಹೇಳ್ಬಾರ್ದೇನಲೇ?"

"ನೀನು ಮಾತಾಡಿದ್ರೆ ತಾನೆ ಹೇಳೋದು!"

"ಮೊಳಕಾಲ್ಮೂರಿಗೆ ಹೋಗೋದಾದ್ರೂ ಹೇಳೋ!"

"ಹೋಗ್ತೀನಿ ಭಾಯಿ" ಎಂದು ನಜೀರ್ ಅತ್ತುಬಿಟ್ಟ.

ಸಾಹೇಬರು ಬಗ್ಗಿ ತುಂಡಾದ ಟೂಲನ್ನು ಹೆಕ್ಕಿಕೊಂಡರು. ಆಮೇಲೆ "ಹಾಂ" ಎಂದರು.

ನಜೀರ್ ಹೊರಟ ದಿನ ಅವನ ಲಗೇಜನ್ನು ಬಸ್ಸಿಗೆ ಏರಿಸಿದ್ದೂ ಅವರೇ. ನಮ್ಮ ಮಿಲ್ಲಿನ ಗೇರು ಹಾಳಾಗಿತ್ತು. ಅದನ್ನು ಕೇಳುವವರೇ ಇರಲಿಲ್ಲ.

ತಟ್ಟೆಯಲ್ಲಿ ಸಾರು ಆರುತ್ತಿದೆ. ಅಡುಗೆಮನೆಯ ಕಡೆ ತಿರುಗಿ, "ಸಾರಿಗೆ ನಾನೂ ಉಪ್ಪು ಹಾಕಿದ್ದೆ ಕಣೇ" ಎಂದು ಕೂಗಿದೆ.

ಪಾತ್ರೆಯ ಸದ್ದು ನಿಂತಿತು.

"ಹಾಂ" ಎಂದಳು.