ಮಾಳಿಗಿ ಮಣ್ಣು ಇಳಿಸಿದ್ದು

ವಡ್ಡು ಅನ್ನೋ ಊರಾಗ ನಮ್ಮ ಮನಿ ಮಾಳಿಗಿ ಯಾವತ್ತೂ ಸೋರಿಲ್ಲ ಅನ್ನೋದು ನನ್ನ ಗಂಡನ ತಾಯಿ, ನಮ್ಮತ್ತಿಗೆ ಭಾಳ ಹೆಮ್ಮೆ. ವರ್ಷಾ ವರ್ಷಾ ಮೃಗಶಿರ ಮಳಿಗೆ ಮುಂಚೆ ಕೆರಿ ಅಂಚಿನಿಂದ ಸವಳು ಮಣ್ಣು ತರಿಸಿ, ಮಾಳಿಗಿ ಮ್ಯಾಲ ಹರವಿ, ನೀರು ಚಿಮುಕಿಸಿ ತುಳಿಸಿದ ಮ್ಯಾಲೇ ಆಕಿಗೆ ಸಮಾಧಾನ. ಸೊಸಿಯಾಗಿ ಬಂದ ವರ್ಷದಿಂದ ನಾನೂ ತುಳಿದೀನಿ. ಹೊಸ ಮಣ್ಣು ಹಾಕೋದು ಎಲ್ಲಾರಿಗೂ ಗೊತ್ತು, ಹಳೇದು ತೆಗಿಯೋದು ಯಾರ ತಲಿಗೂ ಬಂದಿದ್ದಿಲ್ಲ. ಬೆಳಕಿಂಡಿಗೆ ಅಂತ ಕೂರಿಸಿದ್ದ ತಳ ಇಲ್ಲದ ಗಡಿಗಿ ಮಣ್ಣಾಗ ಮುಳುಗಿದ್ರ ಅದರ ಮ್ಯಾಲ ಇನ್ನೊಂದು ಗಡಿಗಿ, ಅದೂ ಮುಳುಗಿದ್ರ ಮತ್ತೊಂದು. ಕಡೀಕ ನನ್ನ ಅಡಿಗಿಮನಿಗೆ ಬರೋ ಬೆಳಕು ಬಾವಿ ತಳಕ್ಕ ಇಳಿದಂಗ ಇಳೀತಿತ್ತು. ಹಗಲೊತ್ತಿನಾಗ ಲೈಟ್ ಹಾಕ್ಕೊಂಡು ರೊಟ್ಟಿ ಬಡೀತಿದ್ದೆ.

ಮನಿ ನಡುಗೋದೂ ನಮಗ ಹೊಸದಲ್ಲ. ಮಧ್ಯಾಹ್ನ ಗುಡ್ಡದ ಕಡೆ ಮೈನ್ಸ್‌ನಾಗ ಬ್ಲಾಸ್ಟಿಂಗ್ ಆದ್ರ ಗ್ವಾಡಿ ಮಾಡದಾಗಿನ ಡಬ್ಬಿ ಟಣಟಣ ಅಂತಾವ, ಜಂತಿ ಸಂದಿಯಿಂದ ಮಣ್ಣು ಉದುರ್ತದ. ಗಂಗಾಳದ ಮ್ಯಾಲ ಕೈ ಅಡ್ಡ ಹಿಡಿದು ಉಣ್ಣೋದನ್ನ ನಮ್ಮೂರ ಹುಡುಗರು ನಡಿಯೋಕ ಮುಂಚೇನೇ ಕಲೀತಾವ.

ಮಗಳ ಚೊಚ್ಚಲ ಬಸಿರಿನ ಕುಬಸ ಅದೇ ಮನ್ಯಾಗ ಇಟ್ಟಿದ್ವಿ. ಹೊಸಪೇಟಿಯಿಂದ ಅಳಿಯನ ಜೋಡಿ ಆತನ ತಾಯಿ, ನಮ್ಮ ಬೀಗತಿ, ಬಂದಿದ್ಲು. ಮದುವಿ ಕಲ್ಯಾಣ ಮಂಟಪದಾಗ ಆಗಿತ್ತು, ಹಂಗಾಗಿ ಆಕಿ ನಮ್ಮ ಹೊಸ್ತಿಲು ತುಳಿದದ್ದು ಅದೇ ಮೊದಲು. ಒಳಗ ಬಂದಾಕಿ ನಮ್ಮ ಮುಖ ನೋಡಲಿಲ್ಲ, ಮಾಳಿಗಿ ನೋಡಿದ್ಲು. ಬರ್ರಿ, ಒಳಗ ಕುಂದ್ರಿ ಅಂತ ಎಷ್ಟು ಕರೆದ್ರೂ ಬಾಗಿಲ ಹತ್ರನ ಕುಂತ್ಲು. ಪ್ಯಾಟಿ ಬೀಗತಿ, ನಮ್ಮ ಮಣ್ಣಿನ ಮನಿ ಕಂಡು ಮೂಗು ಮುರಿಯಾಕತ್ತಾಳ ಅಂತ ನನಗ ಮೈಯೆಲ್ಲಾ ಉರೀತು. ಬಾಯಿ ಬಿಗಿ ಹಿಡಿಯೋ ಜಾಯಮಾನ ನನ್ನದಲ್ಲ, ಆದ್ರ ಶುಭಕಾರ್ಯ ಅಂತ ಸುಮ್ಮನಿದ್ದೆ.

ಹಸಿರು ಸೀರಿ ಉಡಿಸಿ, ಹಸಿರು ಬಳಿ ತೊಡಿಸಿ, ಮಗಳನ್ನ ಮಣಿ ಮ್ಯಾಲ ಕುಂದ್ರಿಸಿ ಉಡಿ ತುಂಬಾಕತ್ತಿದ್ವಿ. ಅಷ್ಟರಾಗ ಬ್ಲಾಸ್ಟಿಂಗ್ ಆತು. ಹೆಂಗಸರು ಹಾಡು ಸಹಿತ ನಿಲ್ಲಿಸಲಿಲ್ಲ, ತಲಿ ಮ್ಯಾಲ ಬಿದ್ದ ಮಣ್ಣು ಸೆರಗಿನಿಂದ ಝಾಡಿಸಿಕೊಂಡು ಮುಂದುವರಿಸಿದ್ರು. ಬೀಗತಿ ಮಾತ್ರ ನುಗ್ಗಿ ಬಂದು ನನ್ನ ಮಗಳ ರಟ್ಟಿ ಹಿಡಿದು, ಉಡಿಯಾಗಿನ ಅಕ್ಕಿ ಎಲ್ಲಾ ಚೆಲ್ಲಿಸಿಕೋಂತ ಅಂಗಳಕ್ಕ ಎಳಕೊಂಡು ಓಡಿದ್ಲು. ಏಳು ತಿಂಗಳ ಬಸುರಿನ್ನ!

ಇನ್ನ ನನ್ನ ಬಾಯಿ ನಿಲ್ತದೇನು? ಅಂಗಳದಾಗ ನಿಂತು ಬಾಯಿಗೆ ಬಂದದ್ದೆಲ್ಲಾ ಅಂದೆ. ಅತ್ತಿ ನನಗಿಂತ ಒಂದು ಕೈ ಮ್ಯಾಲ. ಉಡಿ ಅಕ್ಕಿ ಚೆಲ್ಲಿದ್ರಿ, ನಮ್ಮ ಮನಿ ಏನು ಸುಡುಗಾಡೇನು ಅಂತ ಕೇಳೇಬಿಟ್ಲು. ಬೀಗತಿ ನನ್ನ ಮಗಳ ಕೈ ಬಿಡಲಿಲ್ಲ. ಹಂಗ ಹಿಡಕೊಂಡೇ ತನ್ನ ತವರಿನ ಮಾತು ತೆಗೆದ್ಲು.

ಆಕಿ ತವರು ಮಹಾರಾಷ್ಟ್ರದ ಗಡಿ ಕಡೆಯಂತೆ. ಅಲ್ಲೂ ನಮ್ಮಂಥವೇ ಕಲ್ಲಿನ ಗ್ವಾಡಿ, ಮಣ್ಣಿನ ಮಾಳಿಗಿ. ಚೊಚ್ಚಲ ಬಾಣಂತನಕ್ಕ ಹೋಗಿದ್ದಾಗ ಒಂದಿನ ನಸುಕಿನಾಗ ಕೂಸು ಅಳು ನಿಲ್ಲಿಸಲಿಲ್ಲ ಅಂತ ಎತ್ತಿಕೊಂಡು ಅಂಗಳಕ್ಕ ಬಂದಾಳ. ಆವಾಗ ಭೂಮಿ ನಡುಗ್ಯಾದ. ಒಳಗ ಮಲಗಿದ್ದ ಅಪ್ಪ, ಅವ್ವ, ತಂಗಿ, ಮೂರೂ ಮಂದಿ ಏಳಲಿಲ್ಲ.

"ನಡುಗಿದ್ದಕ್ಕ ಸಾಯ್ಲಿಲ್ಲ ಬೀಗತಿ," ಅಂದ್ಲು. "ನಮ್ಮಪ್ಪ ವರ್ಷಾ ವರ್ಷಾ ಮ್ಯಾಲ ಹೊತ್ತು ಹಾಕಿದ್ದ ಮಣ್ಣು ಅವರನ್ನ ಹೂಳಿಬಿಡ್ತು."

ಅಂದು ಅಳು ನಿಲ್ಲಿಸದ ಕೂಸೇ ನಮ್ಮ ಅಳಿಯ. ಅಲ್ಲೇ ಹೂವಿನ ಬುಟ್ಟಿ ಹಿಡಕೊಂಡು ನೆಲ ನೋಡಿಕೋಂತ ನಿಂತಿದ್ದ. ಈ ಮಾಳಿಗಿ ಕೆಳಗ ಬಾಣಂತನಕ್ಕ ನಾ ಕಳಸಂಗಿಲ್ಲ ಅಂತ ಹೇಳಿ ಬೀಗತಿ ನನ್ನ ಮಗಳನ್ನ ಕರಕೊಂಡು ಹೋದ್ಲು. ಮಗಳೂ ತಿರುಗಿ ನೋಡಿಕೋಂತ ಹೋದ್ಲು. ಮಂದಿ ಆಡಿಕೊಳ್ಳೋದು ಹಾಳಾಗಿ ಹೋಗ್ಲಿ, ಮಗಳ ಮೈಗೆ ಎಣ್ಣಿ ಹಚ್ಚಿ ಎರಿಯೋ ಪುಣ್ಯ ನನಗಿಲ್ಲದಂಗ ಆತಲ್ಲಾ ಅಂತ ನಾನು ಒಲಿ ಮುಂದ ಕುಂತು ಅತ್ತೆ.

ಅತ್ತಿ ಮಾತ್ರ ಬಗ್ಗಲಿಲ್ಲ. ಹಂಪಿ ಕಡೆ ಬಂಡೆಗಲ್ಲಿನ ಮ್ಯಾಲ ಬಂಡೆಗಲ್ಲು ಕುಂತಾವ, ಎಂದಾರ ಬಿದ್ದಾವೇನು, ನಮ್ಮ ಸೀಮಿಗೆ ಭೂಕಂಪ ಬರಂಗಿಲ್ಲ ಅಂತ ಆಕಿ ವಾದ. ಬೀಗತಿ ಊರಾಗೂ ಹಂಗ ಅಂದುಕೊಂಡಿದ್ರಂತೆ ಅಂತ ನಾನು ಹೇಳಿದೆ. ಹಾಂ, ಈಗ ಬೀಗತಿ ಪಾರ್ಟಿ ಸೇರಿದಿ ಅಂತ ಮಾರಿ ತಿರುವಿದ್ಲು.

ನನ್ನ ಗಂಡ ಮಾತು ಕಡಿಮಿ. ಒಂದಿನ ಫ್ಯಾಕ್ಟರಿ ಶಿಫ್ಟ್ ಮುಗಿಸಿ ಬಂದವರು ಸಲಿಕಿ ತಗೊಂಡು ಮಾಳಿಗಿ ಹತ್ತಿ, ಬೆಳಕಿಂಡಿ ಬಾಜೂಕ ಅಗಿಯಾಕ ಹತ್ತಿದ್ರು. ಅತ್ತಿ ಬೈಕೋಂತ ಏಣಿ ಹತ್ತಿದ್ಲು, ನಾನು ಹಿಂದ. ಅಗದ್ರು, ಅಗದ್ರು, ಜಂತಿ ಸಿಗವಲ್ದು. ಅವರ ಮಣಕಾಲು ಮುಳುಗ್ತು, ತೊಡಿ ಅರ್ಧ ಮುಳುಗ್ತು, ಆವಾಗ ಸಲಿಕಿಗೆ ಕಟ್ಟಿಗಿ ತಾಗಿತು. ಕುಣಿ ಗ್ವಾಡಿಯಾಗ ಒಂದೊಂದು ವರ್ಷದ ಮಣ್ಣು ಬ್ಯಾರೆ ಬ್ಯಾರೆ ಬಣ್ಣದ ಪಟ್ಟಿ ಆಗಿ ಕಾಣಸ್ತಿತ್ತು. ಅತ್ತಿ ಏಣಿ ಮ್ಯಾಲ ನಿಂತು ಭಾಳ ಹೊತ್ತು ನೋಡಿದ್ಲು.

"ಪ್ರತಿ ಸಲ ಎರಡೇ ಬೆರಳು ದಪ್ಪ ಹಾಕಿಸಿದ್ದೆ," ಅಂದ್ಲು. "ಇದರ ಕೆಳಗ ನಾನು ನಾಕು ಹಡೆದೆನಲ್ಲೋ."

ಮರುದಿನ ಟ್ರ್ಯಾಕ್ಟರ್ ಕರೆಸಿದಾಕಿ ಆಕಿನೇ. ಓಣಿ ಮಂದಿ, ಮಾಳಿಗಿ ಮ್ಯಾಲ ಹೊಲ ಮಾಡ್ತೀರೇನ್ರಿ, ಶೇಂಗಾ ಹಾಕ್ತೀರೋ ಜ್ವಾಳಾನೋ ಅಂತ ನಕ್ಕಿದ್ದೇ ನಕ್ಕಿದ್ದು. ಬುಟ್ಟಿ ಹೊತ್ತು ನನ್ನ ಕುತ್ತಿಗಿ ಬಿದ್ದು ಹೋತು. ಆದ್ರ ಒಳಮನಿ ಮ್ಯಾಲಿನ ಮಣ್ಣು ಖಾಲಿ ಆದಾಗ ನಗೋರೂ ಏಣಿ ಹತ್ತಿ ನೋಡಾಕ ಬಂದ್ರು. ಅಲ್ಲಿ ತೊಲಿ ನಡುವಿಗೆ ಸೀಳಿತ್ತು, ನನ್ನ ಕೈ ಹೋಗೋವಷ್ಟು. ಅದರ ನೇರ ಕೆಳಗ ಬಾಣಂತಿ ಮಂಚದ ಜಾಗ. ಭೂಕಂಪ ಯಾಕ ಬೇಕಿತ್ತು, ದಿನದ ಬ್ಲಾಸ್ಟಿಂಗೇ ಸಾಕಾಗಿತ್ತು.

ಆ ತೊಲಿ ತೆಗೆದು ಹೊಸದು ಹಾಕಿಸಿದ್ವಿ. ಗ್ವಾಡಿ ಬಿರುಕು ಬಿಟ್ರೂ ಮಾಳಿಗಿ ನಿಲ್ಲಲಿ ಅಂತ ಮೂಲಿ ಮೂಲಿಗೆ ಕಟ್ಟಿಗಿ ಕಂಬ ಕೊಟ್ಟು, ತೊಲಿಗೂ ಕಂಬಕ್ಕೂ ಕಬ್ಬಿಣದ ಪಟ್ಟಿ ಬಿಗಿಸಿ, ಮ್ಯಾಲ ಒಂದು ಗೇಣಿಗಿಂತ ಕಡಿಮಿ ಮಣ್ಣು ಹರವಿದ್ವಿ. ಇದನ್ನೆಲ್ಲಾ ಬೀಗತಿ ಫೋನಿನಾಗ ಹೇಳಿದಂಗ ಮಾಡಿದ್ದು. ಅವರ ಊರಾಗ ಉಳಿದ ಮನಿಗಳನ್ನ ಹಂಗ ಗಟ್ಟಿ ಮಾಡಿದ್ರಂತೆ. ಭಾರ ಇಳಿದ ಮ್ಯಾಲ ಒಳಮನಿ ಬಾಗಿಲು, ಎಷ್ಟೋ ವರ್ಷದಿಂದ ಚೌಕಟ್ಟಿಗೆ ಕಚ್ಚಿಕೊಂಡಿದ್ದು, ಒಂದು ಬೆರಳಿಗೆ ಮುಚ್ಚಿಕೊಂತು. ನಾನು ಹುಚ್ಚಿ ಹಂಗ ತೆಗೆದು ಮುಚ್ಚಿ, ತೆಗೆದು ಮುಚ್ಚಿ ಮಾಡಿದೆ. ಎದಿ ಮ್ಯಾಲಿಂದ ಯಾರೋ ಎದ್ದು ಹೋದಂಗ ಹಗುರ ಆಗಿತ್ತು.

ಬೀಗತಿ ಬಂದ್ಲು. ಸೀರಿ ಮ್ಯಾಲೆತ್ತಿ ಕಟ್ಟಿ ತಾನೇ ಏಣಿ ಹತ್ತಿ, ಮಾಳಿಗಿ ತುಂಬ ಅಡ್ಡಾಡಿ ನೋಡಿ ಇಳಿದ್ಲು. ಕಳಸ್ತೀನಿ ಅಂದ್ಲು. ಚಾ ಮಾತ್ರ ಅಂಗಳದಾಗೇ ಕುಡಿದ್ಲು.

ಸಂಡೂರು ಆಸ್ಪತ್ರಿಯಾಗ ಮಗಳು ಹೆಣ್ಣುಕೂಸು ಹಡೆದು ನಮ್ಮ ಮನಿಗೆ ಬಂದ್ಲು. ತೊಟ್ಟಿಲಿಗೆ ಹಾಕೋ ದಿನ ಊಟ ಮುಗಿದು ಅಂಗಳದಾಗ ಎಲಿ ಅಡಿಕಿ ನಡೆದಿತ್ತು, ಮಳಿ ಸುರುವಾತು ನೋಡ್ರಿ! ಎಲ್ಲಾರೂ ಒಳಗ ಓಡಿದ್ವಿ, ಬೀಗತಿನೂ ಬರಬೇಕಾತು. ಮತ್ತ ಅದೇ ಬಾಗಿಲ ಹತ್ರ ನಿಂತ್ಲು.

ಅಷ್ಟರಾಗ ತೊಟ್ಟಿಲ ಬಾಜೂಕ ಟಪ್ ಅಂತ ಒಂದು ಹನಿ ಬಿತ್ತು. ಆಮ್ಯಾಲ ಇನ್ನೊಂದು. ನಮ್ಮತ್ತಿ ಮಾರಿ ನೋಡಬೇಕಿತ್ತು. ಜಲ್ಮದಾಗ ಸೋರದ ಮನಿ ಬೀಗರ ಮುಂದ ಸೋರಾಕತ್ತಿತ್ತು. ತಪ್ಪು ತಿಳೀಬ್ಯಾಡ್ರಿ, ನಾಳೇನೇ ಸರಿ ಮಾಡಸ್ತೀವಿ ಅಂತ ಆಕಿ ತಡವರಿಸಿಕೋಂತ ತೊಟ್ಟಿಲು ಆ ಕಡೆ ಸರಿಸಿದ್ಲು.

ಬೀಗತಿ ಬಾಗಿಲು ಬಿಟ್ಟು ನಡುಮನಿಗೆ ಬಂದು ಹನಿ ಕೆಳಗ ಅಂಗೈ ಒಡ್ಡಿದ್ಲು.

"ಇರ್ಲಿ ಬಿಡ್ರಿ ಯವ್ವಾ," ಅಂದ್ಲು. "ನೀರು ಬಿದ್ರ ಮನಷ್ಯಾ ಎದ್ದು ಕುಂದರ್ತಾನ."

ಒದ್ದಿ ಕೈ ಸೆರಗಿಗೆ ಒರಸಿಕೊಂಡು, ಚಾಪಿ ಎಳಕೊಂಡು ತೊಟ್ಟಿಲ ಮಗ್ಗಲಿಗೆ ಅಡ್ಡಾದ್ಲು. ಮಳಿ ಜೋರಾತು. ನಾವು ಮಾತಾಡಿಕೋಂತ ನೋಡೋದ್ರಾಗ ಆಕಿಗೆ ನಿದ್ದಿ ಹತ್ತಿತ್ತು. ನಮ್ಮ ಮಾಳಿಗಿ ಕೆಳಗ, ಬಾಯಿ ತೆರಕೊಂಡು, ಸಣ್ಣಗ ಗೊರಕಿ ಹೊಡಿಯಾಕತ್ತಿದ್ಲು. ಅತ್ತಿ ಸಪ್ಪಳ ಮಾಡಬ್ಯಾಡ್ರಿ ಅಂತ ನಮಗ ಕಣ್ಣು ಬಿಟ್ಟು, ಹನಿ ಕೆಳಗ ಒಂದು ಬೋಗಾಣಿ ಇಟ್ಟು, ಟಣ್ ಅನಬಾರದು ಅಂತ ಅದರಾಗ ಒಂದು ಅರಿವಿ ಹಾಸಿದ್ಲು.