ಹಕೀಮರ ಮೇಲೆ ತಿರುಗಿದ ಸಿಟ್ಟು

ಮರ ಕೆತ್ತುವ ಬಾಚಿ ಹಿಡಿದರೆ ಬಲಗೈ ನಡುಗತೊಡಗಿತ್ತು. ಭಾಲ್ಕಿಯಲ್ಲಿ ನಾನು ಕೂಡಿಸಿದ ಬಂಡಿಯ ಗಾಲಿ ಔರಾದದ ಕಲ್ಲುದಾರಿಯಲ್ಲೂ ಅಳ್ಳಾಡುವುದಿಲ್ಲ ಅನ್ನುವ ಹೆಸರಿತ್ತು. ಕೈ ಹೋದರೆ ನನ್ನ ಹತ್ತಿರ ಬೇರೆ ವಿದ್ಯೆ ಇಲ್ಲ. ಅದಕ್ಕೇ ಬೀದರಿನ ಚೌಬಾರಾ ಹತ್ತಿರದ ಹಕೀಮರ ಬಳಿ ಹೋಗತೊಡಗಿದೆ.

ಅವರು ನಾಡಿ ಹಿಡಿದು ಕಣ್ಣು ಮುಚ್ಚುತ್ತಿದ್ದರು. ನನ್ನ ಅಪ್ಪನೂ ಹಾಗೇ ಕಣ್ಣು ಮುಚ್ಚಿ, ನಾನು ಕೆತ್ತಿದ ಗಾಲಿಯ ಅರಗಳ ಮೇಲೆ ಬೆರಳಾಡಿಸುತ್ತಿದ್ದ. ತಪ್ಪಿದ್ದರೆ ಬೈಗುಳ, ಸರಿಯಿದ್ದರೆ ಬರೀ "ಹೂಂ". ನನ್ನ ಸಾಲಿ ಬಿಡಿಸಿ ಕೆಲಸಕ್ಕೆ ಹಚ್ಚಿದ, ತಮ್ಮನನ್ನು ಓದಿಸಿದ. ಅಪ್ಪ ಸತ್ತು ಎಷ್ಟೋ ವರ್ಷವಾಗಿತ್ತು. ಈ ಹೋಲಿಕೆ ಆಗ ನನಗೆ ಹೊಳೆದಿರಲಿಲ್ಲ. ಹಕೀಮರು ಕೈ ಹಿಡಿದಾಗ ತೋಳು ಬಿಗಿಮಾಡಿ ಕೂತಿರುತ್ತಿದ್ದೆ, ಅಷ್ಟೇ ಗೊತ್ತು.

ಖಾರ ಬಿಡ್ರಿ ಅಂದರು, ಬಿಟ್ಟೆ. ಹುಳಿ ಬಿಡ್ರಿ ಅಂದರು, ಅದನ್ನೂ ಬಿಟ್ಟೆ. ಹೆಂಡತಿ ನಕ್ಕಳು: "ನಾ ಹೇಳಿದ್ರ ಒಂದು ಉಳ್ಳಾಗಡ್ಡಿ ಬಿಡೋರಲ್ಲ. ಹಕೀಮ್ ಸಾಬ್ರು ಹೇಳಿದ್ರ ರೊಟ್ಟೀನೂ ಬಿಡ್ತೀರೇನೋ."

ಒಂದು ದಿನ ಹಕೀಮರು ನನ್ನ ನಾಡಿ ನೋಡಿ, "ಹೂಂ" ಅಂದು ಕೈಬಿಟ್ಟರು. ಪಕ್ಕದಲ್ಲಿ ಅಷ್ಟೂರು ಹಳ್ಳಿಯ ರೈತನೊಬ್ಬ ಕೂತಿದ್ದ, ನನಗಿಂತ ಸಣ್ಣವನು. ಅವನ ಕೈ ಹಿಡಿದು, "ಶಾಬಾಸ್, ಪಥ್ಯ ಛಲೋ ಮಾಡೀರಿ" ಅಂದರು.

ನನ್ನ ತಲೆ ಕಾದುಹೋಗಿ ಹಕೀಮರ ಮೇಲೇ ಒದರಿದೆ. "ಅವಂಗ ಶಾಬಾಸ್, ನನಗ ಬರೀ ಹೂಂ? ಅವಂಗ ಸಾಲಿ, ನನಗ ಬಾಚಿ. ಸಾಲಿ ಬಿಡು ಅಂದಿ, ಬಿಟ್ಟೆ. ಇನ್ನೇನ್ ಬಿಡ್ಲಿ ಹೇಳು?"

ಸರದಿಗೆ ಕೂತಿದ್ದ ಮುದುಕಿಯೊಬ್ಬಳು, "ಹಕೀಮ್ ಸಾಬ್ರು ಇವನ ಸಾಲಿ ಯಾವಾಗ ಬಿಡಿಸಿದ್ರವ್ವ?" ಅಂದಳು. ಎಲ್ಲರೂ ನಕ್ಕರು. ಹಕೀಮರು ನಗಲಿಲ್ಲ.

"ಮೇಸ್ತ್ರಿ, ಈ ಸಿಟ್ಟು ನನ್ನ ಮ್ಯಾಲಿಂದಲ್ಲರಿ. ಯಾರ ಮ್ಯಾಲಿಂದು, ಮುಂದಿನ ಸಲ ಬಂದಾಗ ಹೇಳ್ರಿ."

ಭಾಲ್ಕಿಗೆ ಮರಳುವಾಗ ನೌಬಾದ ದಾಟುವವರೆಗೂ ತಲೆ ಎತ್ತಲಿಲ್ಲ. ಹಿರಿಯರನ್ನು ಏಕವಚನದಲ್ಲಿ ಅಂದೆನಲ್ಲ, ಅದೊಂದು ಕಡೆ. ತಲೆ ಅರ್ಧ ನರೆತ ಮೇಲೂ ಒಂದು ಶಾಬಾಸಿಗಾಗಿ ಸಪ್ಪೆ ಉಂಡುಕೊಂಡಿದ್ದವನು ನಾನು ಅಂತ ಅಷ್ಟು ಮಂದಿಗೆ ಗೊತ್ತಾಯಿತಲ್ಲ, ಆ ನಾಚಿಕೆ ಸುಡುತ್ತಿತ್ತು. ಮತ್ತೆ ಆ ಹೊಸ್ತಿಲು ತುಳಿಯಬಾರದು ಅಂದುಕೊಂಡೆ. ಕೆಲವು ವಾರ ಹೋಗಲೂ ಇಲ್ಲ. ಬಾಚಿ ಕೈಜಾರಿ ಮೊಣಕಾಲಿಗೆ ತಾಗಿದಾಗ ಹೋಗಲೇಬೇಕಾಯಿತು.

ಹಕೀಮರು ಎಂದಿನಂತೆ ನಾಡಿ ಹಿಡಿದು ಕಣ್ಣು ಮುಚ್ಚಿದರು. "ನಿಮ್ಮ ತಂದಿಯವರು ಹ್ಯಾಂಗಿದ್ರು?" ಅಂದರು.

ಅವರ ಮುಖ ನೋಡಿದೆ. ಬಿಳಿ ಗಡ್ಡ, ಮೈಯಿಂದ ಅತ್ತರಿನ ವಾಸನೆ. ಯಾವ ಕಡೆಯಿಂದಲೂ ಅಪ್ಪನನ್ನು ಹೋಲದ ಮನುಷ್ಯ. ನೆಲ ನೋಡುತ್ತ ಅಪ್ಪನ ವಿಷಯ ಹೇಳತೊಡಗಿದೆ. ನಾಚಿಕೆ ಹೋಗಲಿಲ್ಲ, ಇವತ್ತಿಗೂ ಪೂರ್ತಿ ಹೋಗಿಲ್ಲ. ಆದರೂ ಅವರ ಬೆರಳಿನ ಕೆಳಗಿದ್ದ ಕೈ ಅವತ್ತು ಬಿಗಿಯಾಗಲಿಲ್ಲ.