ತೊಟ್ಟಿಕ್ಕುವ ಸದ್ದಿಗೆ ಎದ್ದು ಬರುವ ನಲ್ಲಿಯಕ್ಕ

ಆಗಷ್ಟೇ ಬೆಳಕು ಹರಿಯುತ್ತಿದೆ. ಮೂರನೇ ಮಹಡಿಯ ಅಜ್ಜಿಯ ಬಚ್ಚಲಲ್ಲಿ ನಲ್ಲಿಯಕ್ಕ ಉಸಿರು ಬಿಗಿಹಿಡಿದು ನಿಂತಿದ್ದಾರೆ. ಕೈಯಲ್ಲಿ ಸ್ಪ್ಯಾನರ್, ಜೇಬಿನಲ್ಲಿ ಹಳೇ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ವಾಷರ್‌ಗಳು. ಎಲ್ಲೋ ನೀರು ತೊಟ್ಟಿಕ್ಕುತ್ತಿದೆ. ಎಲ್ಲಿ ಎಂದೇ ತಿಳಿಯುತ್ತಿಲ್ಲ.

ಈ ಬೀದಿಯ ನೀರಿನ ವಾಲ್ವ್ ಒಂದು ಗುಂಪಿನ ಮುಷ್ಟಿಯಲ್ಲಿದೆ. ಕೇಳಿದಷ್ಟು ತೆತ್ತವರ ತೊಟ್ಟಿಗಷ್ಟೇ ನೀರು. ಮೇಲೆ ದೂರು ಕೊಟ್ಟವರ ಮನೆಗೆ ವಾರವಿಡೀ ಒಣ ನಲ್ಲಿ. ಇವರೇನು ಮಳೆ ಸುರಿಸುವ ಮೋಡವೇ? ಆದರೂ ದರ್ಬಾರು ಇವರದೇ. ತೊಟ್ಟಿ ಸೋರಿ ಬರಿದಾದಷ್ಟೂ ಜನ ಮತ್ತೆ ದುಡ್ಡು ತೆರಬೇಕು; ಹನಿಗೂಡಿ ಹಳ್ಳವಾಗುವುದು ಇಲ್ಲಿ ಅವರ ಜೇಬಿನಲ್ಲಿ. ಆ ಹನಿಯನ್ನೇ ಅಕ್ಕ ಮನೆಮನೆಗೆ ಹೋಗಿ ನಿಲ್ಲಿಸುತ್ತಾರೆ, ದಿನಕ್ಕೆ ಏಳೆಂಟು ಮನೆ. ಬಸ್ಸುಗಳ ಗದ್ದಲಕ್ಕೆ ಮುಂಚೆಯೇ ಹೊರಡಬೇಕು, ಆಮೇಲೆ ಸೋರುವ ಸದ್ದು ಕೇಳಿಸುವುದಿಲ್ಲ.

ಕೆಲಸ ಮೊದಲು ಗಂಡನದು. ಬೀದಿಗೆ ನೀರು ಬಿಡುವ, ಸೋರುವ ನಲ್ಲಿ ಸರಿಮಾಡುವ ನೀರುಗಂಟಿಯಾಗಿದ್ದವರು. ವಾಲ್ವಿನ ಕೀಲಿ ಕೊಡಲಿಲ್ಲವೆಂದು ಗುಂಪಿನವರು ಬಲಗೈ ಮುರಿದರು. ಮೂಳೆ ಕೂಡಿತು, ಹಿಡಿತ ಬರಲಿಲ್ಲ. ಮೂಲೆ ಹಿಡಿದ ಮನುಷ್ಯನನ್ನು ಎಬ್ಬಿಸಿದ್ದು ಅಕ್ಕನೇ. "ನಿಮ್ಮ ಕಿವಿ, ನನ್ನ ಕೈ. ಇಬ್ರೂ ಸೇರಿದ್ರೆ ಒಬ್ಬ ಪೂರ್ತಿ ಕೆಲಸಗಾರ ಆಗಲ್ವಾ ಅಂದೆ" ಎಂದು ನಗುತ್ತಾರೆ. ಅಂದಿನಿಂದ ಅವರು ಗೋಡೆಗೆ ಕಿವಿಯಿಟ್ಟು ಜಾಗ ಹೇಳುತ್ತಾರೆ, ಅಕ್ಕ ಬಿಗಿಯುತ್ತಾರೆ.

ನಿನ್ನೆ ಸಂಜೆ ಗುಂಪಿನವನೊಬ್ಬ ಬಾಗಿಲಿಗೆ ಬಂದಿದ್ದ. ಈ ಕೆಲಸ ನಿಲ್ಲದಿದ್ದರೆ ಗಂಡನ ಎಡಗೈಯೂ ಉಳಿಯದು ಎಂದು ಹೇಳಿ ಹೋದ. ಅದಕ್ಕೇ ಇಂದು ಅಕ್ಕ, ಗಂಡ ಮಲಗಿದ್ದಾಗಲೇ ಕಳ್ಳಹೆಜ್ಜೆಯಲ್ಲಿ ಒಬ್ಬರೇ ಬಂದದ್ದು. ಬರದಿರುವಂತೆಯೂ ಇರಲಿಲ್ಲ. ಹೀಗೇ ಸೋರಿದರೆ ಅಜ್ಜಿಯ ತೊಟ್ಟಿ ಸಂಜೆಯೊಳಗೆ ಬರಿದಾಗುತ್ತದೆ, ಮತ್ತೆ ದುಡ್ಡು ತೆತ್ತು ತುಂಬಿಸಿಕೊಳ್ಳುವ ಶಕ್ತಿ ಆಕೆಗಿಲ್ಲ.

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ಅಜ್ಜಿ ಬೆಚ್ಚುತ್ತಾರೆ. ಬಾಗಿಲಲ್ಲಿ ಏದುಸಿರು ಬಿಡುತ್ತ ಗಂಡ.

"ಕಿವಿ ಮನೇಲೇ ಬಿಟ್ಟು ಬಂದಿದ್ದೀಯಲ್ಲೇ."

"ನಿನ್ನೆ ಅವ್ನು ಹೇಳಿದ್ದು ಕೇಳಿಸ್ಲಿಲ್ವಾ ನಿಮ್ಗೆ?"

"ಕೇಳಿಸ್ತು. ನೀನು ರಾತ್ರಿಯೆಲ್ಲ ಬಿಕ್ಕಿದ್ದೂ ಕೇಳಿಸ್ತು." ಸುಣ್ಣದ ಗೋಡೆಗೆ ಅಂಗೈ ಊರಿ ಕಿವಿಯಿಡುತ್ತಾರೆ. "ಕನ್ನಡಿ ಹಿಂದೆ ನೋಡು."

ಅಲ್ಲೇ ಇದೆ. ಅಕ್ಕ ಪೈಪಿನ ಕೀಲನ್ನು ಬಿಗಿದಾಗ ಸದ್ದು ನಿಲ್ಲುತ್ತದೆ. ತಿರುಗಿ ನೋಡಿದರೆ ಅಜ್ಜಿ ಬಾಗಿಲ ಚಿಲಕ ಹಾಕಿ, ಅದಕ್ಕೆ ಅಡ್ಡಲಾಗಿ ಕುರ್ಚಿ ಎಳೆದು ಕೂತುಬಿಟ್ಟಿದ್ದಾರೆ. "ಯಾರು ಬರ್ತಾರೋ ಬರ್ಲಿ. ನೀವು ಸ್ವಲ್ಪ ಸುಧಾರಿಸ್ಕೊಳ್ಳಿ."

ಅಕ್ಕನಿಗೆ ಭಯವಿಲ್ಲವೇ? "ಇದೆ. ಇಲ್ಲ ಅಂದ್ರೆ ಸುಳ್ಳಾಗುತ್ತೆ." ಅಕ್ಕ ಗಂಡನ ಅಂಗೈಗೆ ಮೆತ್ತಿದ ಸುಣ್ಣವನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ. "ಒಂದಿನ ನಲ್ಲಿ ಪೂರ್ತಿ ತಿರುಗಿಸಿಬಿಟ್ಟು ಇವರ ಎರಡೂ ಕೈ ತೊಳೀಬೇಕು. ನೀರು ಹರಿದಷ್ಟು ಹರೀಲಿ. ಇವರು ಆ ಸದ್ದನ್ನ ಸುಮ್ನೆ ಕೇಳ್ತಾ ನಿಂತಿರ್ಲಿ."